ಕೆಲಸದಲ್ಲಿ ಪೆಟ್ಟಾದ್ರೆ ಮಾಲೀಕರಿಂದ ಪರಿಹಾರ ತಗೊಳ್ಳೋದು ಹೇಗೆ: ಮೈಗಾದ ಗಾಯಕ್ಕೂ ಮನಸ್ಸಿಗಾದ ಗಾಯಕ್ಕೂ, ಆಸ್ಪತ್ರೆ ಬಾಗಿಲಿಂದ ಕೋರ್ಟಿನ ತನಕ

ಅಡಿಕೆ ಕೊನೆ ಕೊಯ್ಲು ಶುರುವಾಯ್ತು ಅಂದ್ರೆ ನನ್ನ ಫೋನು ರಿಂಗಾಗೋದೂ ಶುರು. ಮರದಿಂದ ಬಿದ್ರು, ದೋಟಿ (ಕೊನೆ ಕೊಯ್ಯೋ ಉದ್ದ ಕೋಲು) ಕರೆಂಟ್ ಲೈನಿಗೆ ತಾಗ್ತು, ಅಡಿಕೆ ಸುಲಿಯೋ ಮಷಿನ್ನಿಗೆ ಕೈ ಹೋಯ್ತು. ಶಿವಮೊಗ್ಗ ಹತ್ರದ ಮಾಚೇನಹಳ್ಳಿ ಕಡೆ ಫ್ಯಾಕ್ಟರಿ ಕೆಲಸದವ್ರು, ಕ್ರಷರ್‌ನವ್ರು, ಸಾಮಿಲ್ಲಿನವ್ರು ವರ್ಷಪೂರ್ತಿ ಕೇಳ್ತಾರೆ. ಅರ್ಜಿ ಬರೆದುಕೊಡೋಕೆ ಕೂತಾಗ ಗೊತ್ತಾಗೋದು ಏನಂದ್ರೆ ಎಲ್ರೂ ಸೋಲೋದು ಒಂದೇ ಜಾಗದಲ್ಲಿ. ಕಾನೂನು ಇಲ್ದೇ ಸೋಲ್ತಿಲ್ಲ, ಮೊದಲ ಹದಿನೈದು ದಿನದಲ್ಲಿ ಆಸ್ಪತ್ರೇಲಿ ಏನು ಹೇಳಿದ್ರು, ಯಾವ ಪೇಪರ್‌ಗೆ ಸೈನ್ ಹಾಕಿದ್ರು ಅನ್ನೋದ್ರಲ್ಲಿ ಸೋಲ್ತಾರೆ. ಅದಕ್ಕೇ ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ಹಿಂದೆ ಮುಂದೆ ಮಾಡ್ಬೇಡಿ.

ಶುರು ಮಾಡೋಕೆ ಮುಂಚೆ ಒಂದು ಮಾತು ತಲೇಲಿ ಇರ್ಲಿ. ನೌಕರರ ಪರಿಹಾರ ಕಾಯ್ದೆ, ಅಂದ್ರೆ 1923ರದ್ದು, ಅದರಲ್ಲಿ ಮಾಲೀಕರ ತಪ್ಪು ಅಂತ ನೀವು ಸಾಬೀತು ಮಾಡ್ಬೇಕಾಗಿಲ್ಲ. ಕೆಲಸದಿಂದಾಗಿ, ಕೆಲಸದ ಹೊತ್ತಲ್ಲಿ ಅಪಘಾತ ಆಯ್ತು ಅಂತ ತೋರಿಸಿದ್ರೆ ಸಾಕು. 2025ರ ನವೆಂಬರ್ 21ರಿಂದ ಈ ಕಾಯ್ದೆ ಹೋಗಿ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ, ಅದರ 7ನೇ ಅಧ್ಯಾಯದಲ್ಲಿ ಹೆಚ್ಚುಕಮ್ಮಿ ಇದೇ ವಿಷಯ ಇದೆ. ಅಪಘಾತ ಆ ತಾರೀಕಿಗಿಂತ ಮುಂಚಿನದಾದ್ರೆ ಹಳೇ ಕಾಯ್ದೆ, ಆಮೇಲಿನದಾದ್ರೆ ಸಂಹಿತೆ. ಅರ್ಜಿ ತಲೆಬರಹದಲ್ಲಿ ಇದನ್ನ ತಪ್ಪು ಬರೆಯೋರು ಈಗ ಜಾಸ್ತಿ ಆಗಿದಾರೆ.

## ಕೈಯಲ್ಲಿ ಏನೇನು ಇರ್ಬೇಕು

ಒಂದು ನೋಟ್‌ಬುಕ್, ಕ್ಯಾಮೆರಾ ಇರೋ ಫೋನು, ವಯಸ್ಸಿಗೆ ದಾಖಲೆ, ಕೂಲಿ ಎಷ್ಟು ಅಂತ ತೋರಿಸೋಕೆ ಏನಾದ್ರೂ. ಸಂಬಳ ಚೀಟಿ ಇಲ್ಲ ಅಂದ್ರೆ ಫೋನ್‌ಪೇ ಹಿಸ್ಟರಿ, ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿ ಬರೆದಿಟ್ಟ ಹಾಜರಿ ಪುಸ್ತಕದ ಫೋಟೋ, "ನಾಳೆ ಬೇಗ ಬಾ" ಅಂತ ಬಂದ ವಾಟ್ಸಾಪ್ ಮೆಸೇಜ್ ಕೂಡ ಆಗತ್ತೆ. ಫೋನ್ ಬದಲಾಯಿಸೋಕೆ ಮುಂಚೆ ಇದನ್ನೆಲ್ಲ ಬೇರೆ ಕಡೆ ಉಳಿಸ್ಕೊಳ್ಳಿ. ಎಷ್ಟೋ ಕೇಸಲ್ಲಿ ಮೆಸೇಜೇ ಒಂದೇ ಸಾಕ್ಷಿ.

## ಹಂತ 1: ಆಸ್ಪತ್ರೆ ಬಾಗಿಲಲ್ಲಿ ಹೇಳೋ ಮೊದಲ ಮಾತು

ಇದನ್ನ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ಅರ್ಧಕ್ಕರ್ಧ ಕೇಸು ಇಲ್ಲೇ ಸಾಯತ್ತೆ.

ಗಾಯ ಆದವ್ರನ್ನ ಕರ್ಕೊಂಡು ಹೋಗೋದು ಸಾಮಾನ್ಯವಾಗಿ ಮಾಲೀಕರ ಜೀಪಲ್ಲೇ. ದಾರೀಲಿ ಒಂದು ಮಾತು ಬರತ್ತೆ, "ಮನೇಲಿ ಬಿದ್ದೆ ಅಂತ ಹೇಳು, ಪೊಲೀಸ್ ರಗಳೆ ಬೇಡ, ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ". ನಮ್ಮ ಚಿಕ್ಕಪ್ಪಂಗೂ ಹಾಗೇ ಹೇಳಿದ್ರು. ಒಂದು ಸಾಮಿಲ್ಲಲ್ಲಿ ಮೂರು ಬೆರಳು ಹೋಯ್ತು, ಕೇಸ್ ಶೀಟಲ್ಲಿ "ಮನೆಯಲ್ಲಿ ಸೌದೆ ಒಡೆಯುವಾಗ" ಅಂತ ಬಂತು, ಆಸ್ಪತ್ರೆ ಬಿಲ್ ಕಟ್ಟಿದ್ರು, ಆಮೇಲೆ ಒಂದು ರೂಪಾಯೂ ಬರ್ಲಿಲ್ಲ. ನಾನು ಆಗ ಕಾಲೇಜಲ್ಲಿದ್ದೆ, ಆ ಶೀಟ್ ಓದಿದಾಗ ತಡ ಆಗಿಹೋಗಿತ್ತು.

ಮಾಡ್ಬೇಕಾದ್ದು ಇಷ್ಟು. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಆಗಿರ್ಲಿ, ತಾಲೂಕು ಆಸ್ಪತ್ರೆ ಆಗಿರ್ಲಿ, ಖಾಸಗಿ ಆಗಿರ್ಲಿ, ಡಾಕ್ಟರ ಹತ್ರ "ಇಂಥವರ ತೋಟದಲ್ಲಿ ಇಷ್ಟೊತ್ತಿಗೆ ಕೆಲಸ ಮಾಡುವಾಗ ಹೀಗಾಯ್ತು" ಅಂತ ಹೇಳಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸ್ಬೇಕಾದ ಗಾಯ ಅಂತ ಆಸ್ಪತ್ರೆ ಮಾಡೋ ದಾಖಲೆ) ಮಾಡಿಸಿ ಅಂತ ಕೇಳಿ. ಎಂಎಲ್‌ಸಿ ಆದ್ರೆ ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗತ್ತೆ, ಪೊಲೀಸರು ಹೇಳಿಕೆ ತಗೋತಾರೆ. ಆ ಹೇಳಿಕೇಲೂ ಅದೇ ಮಾತು ಇರ್ಬೇಕು. ಓದಿಸಿ ಕೇಳಿ, ಆಮೇಲೆ ಸೈನ್.

ಪೊಲೀಸ್ ಕೇಸ್ ಆದ್ರೆ ಮಾಲೀಕರು ಜೈಲಿಗೆ ಹೋಗ್ತಾರೆ, ನಾಳೆ ಕೆಲಸ ಕೊಡಲ್ಲ ಅಂತ ಹೆದರಿಕೆ ಇರತ್ತೆ, ಊರಲ್ಲಿ ದಿನಾ ಮುಖ ನೋಡೋ ಜನ. ಪರಿಹಾರಕ್ಕೆ ಎಫ್‌ಐಆರ್ ಇರಲೇಬೇಕು ಅಂತೇನಿಲ್ಲ, ಅದು ಬೇರೆ ದಾರಿ, ಇದು ಬೇರೆ ದಾರಿ. ಆದ್ರೆ ಆಸ್ಪತ್ರೆ ದಾಖಲೇಲಿ ಸುಳ್ಳು ಹೇಳಿದ್ರೆ ಎರಡೂ ದಾರಿ ಮುಚ್ಚತ್ತೆ. ಮಾಲೀಕರ ಹತ್ರ ಇನ್ಶೂರೆನ್ಸ್ ಇದ್ರೆ ಅವ್ರಿಗೂ ಇದ್ರಿಂದ ನಷ್ಟವೇ, ಸುಳ್ಳು ದಾಖಲೆ ಇಟ್ಕೊಂಡು ಕಂಪನಿ ದುಡ್ಡು ಕೊಡಲ್ಲ.

ಆಗಲೇ "ಮನೇಲಿ ಬಿದ್ದೆ" ಅಂದುಬಿಟ್ಟಿದ್ರೆ? ಡಿಸ್ಚಾರ್ಜ್ ಆಗೋಕೆ ಮುಂಚೆನೇ ಆಸ್ಪತ್ರೆಗೆ ಒಂದು ಪತ್ರ ಬರೆದು, ಯಾರು ಯಾಕೆ ಹಾಗೆ ಹೇಳಿಸಿದ್ರು ಅಂತ ಸೇರಿಸಿ ಕೊಡಿ, ಸ್ವೀಕೃತಿ ಸೀಲ್ ತಗೊಳ್ಳಿ, ಅದೇ ವಿಷಯ ಠಾಣೆಗೂ ಬರೆದುಕೊಡಿ. ವಾರದೊಳಗೆ ಸರಿ ಮಾಡಿದ್ದಕ್ಕೆ ಬೆಲೆ ಇದೆ. ವರ್ಷ ಬಿಟ್ಟು ಮಾಡಿದ್ರೆ ಆಮೇಲೆ ಕಟ್ಟಿದ ಕಥೆ ಅಂತಾರೆ.

## ಹಂತ 2: ಜಾಗ, ಮಷಿನ್, ಸಾಕ್ಷಿ

ಎರಡು ದಿನದೊಳಗೆ ಮನೆಯವ್ರು ಯಾರಾದ್ರೂ ಜಾಗಕ್ಕೆ ಹೋಗಿ ಫೋಟೋ ತೆಗೀರಿ. ಗಾರ್ಡ್ ಇಲ್ಲದ ಬೆಲ್ಟು, ಏಣಿ, ತುಂಡಾದ ಹಗ್ಗ, ತೋಟದ ಮೇಲೆ ಹಾದಿರೋ ಲೈನ್, ಇಂಥದ್ದೆಲ್ಲ ಮೂರನೇ ದಿನಕ್ಕೆ ರಿಪೇರಿ ಆಗಿರತ್ತೆ. ಜೊತೆಗಿದ್ದವ್ರ ಹೆಸರು, ಊರು, ನಂಬರ್ ಬರ್ಕೊಳ್ಳಿ. ಉತ್ತರ ಕರ್ನಾಟಕದಿಂದಲೋ ಬಿಹಾರದಿಂದಲೋ ಬಂದ ಕೆಲಸಗಾರರು ಸೀಸನ್ ಮುಗಿದ್ಮೇಲೆ ಸಿಗಲ್ಲ, ಅವ್ರ ಹತ್ರ ಅವ್ರ ಭಾಷೇಲೇ ಒಂದು ನಿಮಿಷದ ವಿಡಿಯೋ ಹೇಳಿಕೆ ತಗೊಂಡಿಟ್ರೆ ಸಂಪೂರ್ಣ ಸಾಕ್ಷಿ ಆಗದೇ ಇದ್ರೂ ಯಾರನ್ನ ಕರೆಸ್ಬೇಕು ಅಂತಾದ್ರೂ ಗೊತ್ತಿರತ್ತೆ.

## ಹಂತ 3: ಯಾರ ಮೇಲೆ, ಯಾವ ದಾರಿ

ಮೊದಲು ಇಎಸ್‌ಐ, ಅಂದ್ರೆ ಕೆಲಸಗಾರರ ಸರ್ಕಾರಿ ವಿಮೆ, ಇದೆಯಾ ನೋಡಿ. ಹತ್ತು ಅಥವಾ ಹೆಚ್ಚು ಜನ ಇರೋ ಫ್ಯಾಕ್ಟರಿ, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರೋರಿಗೆ ಅದು ಬರತ್ತೆ, ಸಂಬಳದಲ್ಲಿ 0.75% ಕಟ್ ಆಗ್ತಿರತ್ತೆ. ಇಎಸ್‌ಐ ಇದ್ದವ್ರು ಮಾಲೀಕರ ಮೇಲೆ ಪರಿಹಾರದ ಕೇಸ್ ಹಾಕೋಕೆ ಬರಲ್ಲ, ದುಡ್ಡು ಇಎಸ್‌ಐನಿಂದಲೇ ಬರ್ಬೇಕು. ಅಪಘಾತ ಪುಸ್ತಕದಲ್ಲಿ ಎಂಟ್ರಿ ಆಗಿದ್ಯಾ, ಅಪಘಾತ ವರದಿ ಫಾರಂ 12 ಹೋಗಿದ್ಯಾ ಅಂತ ಕೇಳಿ, ಹೋಗಿಲ್ಲ ಅಂದ್ರೆ ಶಾಖಾ ಕಚೇರಿಗೆ ನೀವೇ ಬರೆದುಕೊಡಿ. ಗಾಯದಿಂದ ಕೆಲಸಕ್ಕೆ ಹೋಗೋಕಾಗದ ದಿನಗಳಿಗೆ ಸುಮಾರು 90% ಕೂಲಿ ಸಿಗತ್ತೆ, ಶಾಶ್ವತ ಊನ ಆದ್ರೆ ಮೆಡಿಕಲ್ ಬೋರ್ಡ್ ನೋಡಿ ತಿಂಗಳ ಹಣ ಗೊತ್ತು ಮಾಡತ್ತೆ. ಎರಡು ವರ್ಷ ಪರಿಹಾರ ಕೋರ್ಟಿಗೆ ಅಲೆದು "ನಿಮಗೆ ಇಎಸ್‌ಐ ಇತ್ತಲ್ಲ" ಅಂತ ವಾಪಸ್ ಬಂದವ್ರನ್ನ ನೋಡಿದೀನಿ.

ಇಎಸ್‌ಐ ಇಲ್ದೇ ಇದ್ರೆ ಮಾಲೀಕರೇ ಹೊಣೆ. ಇಲ್ಲಿ ಮಲೆನಾಡಲ್ಲಿ ಬರೋ ತೊಡಕು ಚೇಣಿ (ತೋಟದ ಫಸಲನ್ನೇ ಗುತ್ತಿಗೆ ಕೊಡೋದು) ಮತ್ತೆ ಗುತ್ತಿಗೆ. ಕೊನೆಗೌಡ್ರು, ಅಂದ್ರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯೋರು, ಮರದಿಂದ ಬಿದ್ರೆ ತೋಟದ ಯಜಮಾನ್ರು "ಚೇಣಿದಾರನ್ನ ಕೇಳಿ" ಅಂತಾರೆ, ಚೇಣಿದಾರ "ಮೇಸ್ತ್ರಿ ಕರ್ಕೊಂಡು ಬಂದಿದ್ದು" ಅಂತಾನೆ. ತನ್ನ ವ್ಯವಹಾರದ ಕೆಲಸವನ್ನ ಗುತ್ತಿಗೆ ಕೊಟ್ಟ ಮೂಲ ಮಾಲೀಕನೂ ಹೊಣೆ ಅಂತ ಕಾನೂನಲ್ಲೇ ಇದೆ, ಅವ್ರು ಕೊಟ್ಟು ಆಮೇಲೆ ಗುತ್ತಿಗೆದಾರನ ಹತ್ರ ವಸೂಲಿ ಮಾಡ್ಕೋಬಹುದು. ಹಾಗಾಗಿ ನೋಟಿಸಲ್ಲಿ ಮೂರೂ ಜನರ ಹೆಸರು ಹಾಕಿ, ಯಾರು ಎಷ್ಟು ಅಂತ ತೀರ್ಮಾನ ಮಾಡೋದು ನಿಮ್ಮ ಕೆಲಸ ಅಲ್ಲ.

"ದಿನಗೂಲಿಗೆ ಇದೆಲ್ಲ ಇಲ್ಲ" ಅನ್ನೋದು ತಪ್ಪು. ತೋಟಗಾರಿಕೆ, ಮರ ಕಡಿಯೋದು, ತೋಟಕ್ಕೆ ಔಷಧಿ ಹೊಡೆಯೋದು ಕಾನೂನಿನ ಪಟ್ಟೀಲೇ ಇದೆ. ಕಾಫಿ ಎಸ್ಟೇಟ್ ಲೈನ್ ಮನೆ (ಕೆಲಸಗಾರರಿಗೆ ಎಸ್ಟೇಟಿನವ್ರು ಕೊಟ್ಟ ಮನೆ) ಕುಸಿದು ಪೆಟ್ಟಾದ್ರೂ ಎಸ್ಟೇಟಿನವ್ರು ಪರಿಹಾರ ಕೊಡ್ಬೇಕು. ಲಾರಿ ಡ್ರೈವರ್, ಕ್ಲೀನರ್ ಆದ್ರೆ ಮೋಟಾರು ಅಪಘಾತ ನ್ಯಾಯಮಂಡಳಿಗೂ ಹೋಗ್ಬಹುದು ಇಲ್ಲಿಗೂ ಬರ್ಬಹುದು, ಆದ್ರೆ ಎರಡರಲ್ಲಿ ಒಂದೇ, ಮೊದಲೇ ವಕೀಲರ ಹತ್ರ ಕೂತು ಯಾವುದ್ರಲ್ಲಿ ಹೆಚ್ಚು ಅಂತ ಲೆಕ್ಕ ಹಾಕಿ. ಮನೆಯಿಂದ ಕೆಲಸಕ್ಕೆ ಹೋಗೋ ದಾರೀಲಿ ಅಪಘಾತ ಆದ್ರೂ ಕೆಲಸಕ್ಕೂ ಅದಕ್ಕೂ ಹೊತ್ತು, ಜಾಗದ ನಂಟು ತೋರಿಸಿದ್ರೆ ಪರಿಹಾರ ಇದೆ ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ, ಹೊಸ ಸಂಹಿತೇಲೂ ಇದೆ.

ಇನ್ನೊಂದು ನಮ್ಮ ಕಡೇದು, ಮಂಗನ ಕಾಯಿಲೆ. ಕಾಡಲ್ಲಿ ಕೆಲಸ ಮಾಡೋ ವಾಚರ್‌ಗಳಿಗೆ, ದರಗು (ಒಣ ಎಲೆ) ಗುಡಿಸೋರಿಗೆ ಉಣ್ಣೆ ಹುಳ ಕಚ್ಚಿ ಬರತ್ತೆ. ಸೋಂಕು ತಗಲೋ ವಿಶೇಷ ಅಪಾಯ ಇರೋ ಕೆಲಸದಲ್ಲಿ ಬಂದ ಸೋಂಕು ರೋಗ ಔದ್ಯೋಗಿಕ ಕಾಯಿಲೆಗಳ ಪಟ್ಟೀಲಿದೆ, ಆ ಆಧಾರದ ಮೇಲೆ ವಾದ ಮಾಡೋಕೆ ಜಾಗ ಇದೆ ಅಂತ ನನ್ನ ಅಭಿಪ್ರಾಯ. ರಕ್ತ ಪರೀಕ್ಷೆ ರಿಪೋರ್ಟು, ಆ ವಾರದ ಡ್ಯೂಟಿ ಎಲ್ಲಿತ್ತು ಅನ್ನೋ ದಾಖಲೆ, ಎರಡನ್ನೂ ಇಟ್ಕೊಳ್ಳಿ.

## ಹಂತ 4: ಬರವಣಿಗೇಲಿ ನೋಟಿಸ್

ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬಿಳಿ ಹಾಳೇಲಿ ಹೀಗೆ ಬರೀರಿ:

"ನಾನು ನಿಮ್ಮಲ್ಲಿ ದಿನಕ್ಕೆ ಇಷ್ಟು ಕೂಲಿಗೆ ಕೆಲಸ ಮಾಡುತ್ತಿದ್ದೆ. ಇಂಥ ತಾರೀಕು, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ, ಈ ಕೆಲಸ ಮಾಡುವಾಗ ಅಪಘಾತವಾಗಿ ನನಗೆ ಈ ಗಾಯಗಳಾಗಿವೆ. ನಂತರ ನಿದ್ದೆ ಬಾರದಿರುವುದು, ಭಯ ಮುಂತಾದ ತೊಂದರೆಗಳೂ ಇವೆ. ಚಿಕಿತ್ಸೆ ಇಂಥ ಆಸ್ಪತ್ರೆಯಲ್ಲಿ ನಡೆಯುತ್ತಿದೆ. ಕಾನೂನಿನಂತೆ ಚಿಕಿತ್ಸೆಯ ವೆಚ್ಚ ಮತ್ತು ಪರಿಹಾರ ಕೊಡಬೇಕಾಗಿ ಕೋರುತ್ತೇನೆ."

ಮನಸ್ಸಿನ ತೊಂದರೆ ಇದ್ರೆ ಆ ಸಾಲು ಬಿಡ್ಲೇಬೇಡಿ, ಯಾಕೆ ಅಂತ ಹಂತ 6ರಲ್ಲಿ ಹೇಳ್ತೀನಿ. ಇಲ್ದೇ ಇದ್ರೆ ಬರೀಬೇಡಿ, ಒಂದು ಸುಳ್ಳು ಉಳಿದ ನಿಜಾನೂ ಹಾಳು ಮಾಡತ್ತೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟಲ್ಲಿ ಸೇರಿಸಿದಾರೆ, ಹಾಗಾಗಿ ಸ್ಪೀಡ್ ಪೋಸ್ಟಲ್ಲೇ ಕಳಿಸಿ, ರಸೀದಿ ಜೋಪಾನ. ರಸೀದಿಯ ಅಕ್ಷರ ಆರು ತಿಂಗಳಿಗೆ ಅಳಿಸಿಹೋಗತ್ತೆ, ಅವತ್ತೇ ಫೋಟೋ ತೆಗೀರಿ.

## ಹಂತ 5: ಖಾಲಿ ಪೇಪರ್, ಪಂಚಾಯ್ತಿ, "ರಾಜಿ"

ನೋಟಿಸ್ ಹೋದ ವಾರಕ್ಕೆ ಊರಿನ ಹಿರಿಯರು ಬರ್ತಾರೆ. ಮಾತಾಡಿ, ಬೇಡ ಅನ್ನಲ್ಲ. ಆದ್ರೆ ಖಾಲಿ ಹಾಳೆಗಾಗ್ಲಿ, ಖಾಲಿ ಛಾಪಾ ಕಾಗದಕ್ಕಾಗ್ಲಿ, ವೋಚರ್‌ಗಾಗ್ಲಿ ಸೈನ್ ಹಾಕ್ಬೇಡಿ. "ಇನ್ಮುಂದೆ ಏನೂ ಕೇಳಲ್ಲ" ಅಂತ ಬರೆಸ್ಕೊಂಡು ಕಾನೂನಿನ ಪರಿಹಾರ ಕಮ್ಮಿ ಮಾಡೋ ಒಪ್ಪಂದಕ್ಕೆ ಕಾನೂನಲ್ಲಿ ಬೆಲೆ ಇಲ್ಲ. ಹಾಗಂತ ಸೈನ್ ಹಾಕಿದ್ರೂ ಪರ್ವಾಗಿಲ್ಲ ಅಂದ್ಕೋಬೇಡಿ, ಅದನ್ನ ಬಿಡಿಸ್ಕೊಳ್ಳೋಕೆ ಒಂದು ವರ್ಷ ಹೋಗತ್ತೆ. ರಾಜಿ ನಿಜವಾಗ್ಲೂ ನ್ಯಾಯವಾಗಿದ್ರೆ ಪರಿಹಾರದ ಕೇಸು ನೋಡೋ ಅಧಿಕಾರಿ (ಯಾರು ಅಂತ ಹಂತ 8ರಲ್ಲಿದೆ) ಮುಂದೆ ನೋಂದಾಯಿಸಿ.

ಸಾವಾಗಿದ್ರೆ ಇನ್ನೂ ಹುಷಾರು. ಮೃತರ ಪರಿಹಾರವನ್ನ ಅಧಿಕಾರಿ ಹತ್ರ ಠೇವಣಿ ಇಡ್ಬೇಕು, ನೇರವಾಗಿ ಮನೆಯವ್ರ ಕೈಗೆ ಕೊಟ್ಟಿದ್ದು ಪರಿಹಾರ ಅಂತ ಲೆಕ್ಕಕ್ಕೆ ಬರಲ್ಲ. ಇದು ಗೊತ್ತಿಲ್ದೇ ಕೈಯಲ್ಲಿ ಲಕ್ಷಗಟ್ಟಲೆ ಕೊಟ್ಟು ಮತ್ತೆ ಠೇವಣಿ ಇಡೋ ಪರಿಸ್ಥಿತಿಗೆ ಬಂದ ಸಣ್ಣ ತೋಟದವ್ರೂ ಇದಾರೆ, ಅವ್ರ ಬಗ್ಗೆನೂ ನಂಗೆ ಸಂಕಟ ಆಗತ್ತೆ.

ಮಾಲೀಕರು ಹೇಳೋ ಎರಡು ಮಾತಿಗೆ ಉತ್ತರ ಗೊತ್ತಿರ್ಲಿ. "ಅವನದೇ ಅಜಾಗ್ರತೆ" ಅನ್ನೋದು ಕಾರಣವೇ ಅಲ್ಲ, ಸುರಕ್ಷತೆಗೆ ಅಂತ ಹೇಳಿದ ಸ್ಪಷ್ಟ ನಿಯಮವನ್ನ ಬೇಕಂತಲೇ ಮುರಿದ್ರೆ ಮಾತ್ರ ಪ್ರಶ್ನೆ. "ಕುಡಿದಿದ್ದ" ಅನ್ನೋದು ಸಣ್ಣ ಗಾಯಕ್ಕೆ ಅಡ್ಡ ಬರಬಹುದು, ಆದ್ರೆ ಸಾವಾದ್ರೆ ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆ ಆದ್ರೆ ಅದೂ ನಡೆಯಲ್ಲ.

## ಹಂತ 6: ಮನಸ್ಸಿಗಾದ ಗಾಯ

2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲು ಕ್ರಷರ್ ಸ್ಫೋಟ ಶಿವಮೊಗ್ಗದವ್ರಿಗೆ ಯಾರಿಗೂ ಮರೆತಿಲ್ಲ. ದೂರದಲ್ಲಿ ಮಲಗಿದ್ದ ನಮಗೇ ಕಿಟಕಿ ನಡುಗಿದ್ದು ಎಷ್ಟೋ ದಿನ ಕಿವೀಲಿತ್ತು. ಹಾಗಿದ್ಮೇಲೆ ಜೊತೆಗೆ ಕೆಲಸ ಮಾಡ್ತಿದ್ದವ್ನು ಕಣ್ಣೆದುರೇ ಬೆಲ್ಟಿಗೆ ಸಿಕ್ಕಿದ್ದನ್ನ ನೋಡಿದವ್ರ ಮನಸ್ಸು ಹೇಗಿರ್ಬಹುದು ಯೋಚಿಸಿ.

ಇದನ್ನ ನೋಡಿ: ಮಷಿನ್ ಸದ್ದಿಗೆ ಬೆಚ್ಚೋದು, ಅದೇ ಘಟನೆ ಕನಸಲ್ಲಿ ಬರೋದು, ಆ ದಾರೀಲೇ ಹೋಗದೆ ಇರೋದು, ಮಾತು ಕಮ್ಮಿ ಆಗೋದು, ಮುಂಚೆ ಇಲ್ಲದ ಕುಡಿತ. ತಿಂಗಳು ಕಳೆದ್ರೂ ಇದು ಹೋಗ್ಲಿಲ್ಲ ಅಂದ್ರೆ ಕಾಯ್ಬೇಡಿ. ಸಾಯೋ ಮಾತು ಬಂದ್ರೆ ತಿಂಗಳೂ ಕಾಯ್ಬೇಡಿ, ಅವತ್ತೇ ಆಸ್ಪತ್ರೆ, ಇಲ್ಲಾಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ನಮ್ಮಲ್ಲಿ ಮೊದಲು ಹೆದರಿಕೆ ಆಗಿದೆ ಅಂತ ದಾರ ಕಟ್ಟಿಸ್ತಾರೆ. ಕಟ್ಟಿಸಿ, ಅದನ್ನ ಬೇಡ ಅನ್ನೋಕೆ ನಾನ್ಯಾರು. ಆದ್ರೆ ಡಾಕ್ಟರ ಚೀಟಿಯೂ ಬೇಕು. ಮೆಗ್ಗಾನಲ್ಲಿ ಮನೋರೋಗ ವಿಭಾಗ ಇದೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ತಜ್ಞರು ಸಿಗೋ ವ್ಯವಸ್ಥೆ ಇದೆ, ಹೋಗೋಕೆ ಮುಂಚೆ ಫೋನ್ ಮಾಡಿ ಕೇಳ್ಕೊಳ್ಳಿ. ಅಲ್ಲಿ ಡಾಕ್ಟರಿಗೆ ಅಪಘಾತದ ತಾರೀಕು ಹೇಳಿ, ಅದಕ್ಕೂ ಮುಂಚೆ ಹೇಗಿದ್ರು ಅಂತ ಹೇಳಿ, ಅದನ್ನ ಚೀಟೀಲಿ ಬರೀರಿ ಅಂತ ಕೇಳಿ. ಬರೀ "ನಿದ್ದೆ ಇಲ್ಲ" ಅಂದ್ರೆ ನಿದ್ದೆ ಮಾತ್ರೆ ಕೊಟ್ಟು ಕಳಿಸ್ತಾರೆ, ಚೀಟೀಲಿ ಅಪಘಾತದ ಹೆಸರೇ ಇರಲ್ಲ.

ಈಗ ಕಾನೂನು. ಕೈ ಹೋದ್ರೆ ಇಷ್ಟು, ಕಣ್ಣು ಹೋದ್ರೆ ಇಷ್ಟು ಅಂತ ಪಟ್ಟಿ ಇದೆ, ಮನಸ್ಸಿಗೆ ಅಂಥ ಸಾಲಿಲ್ಲ. ಹಾಗಾಗಿ ಮೂರು ಥರ ಬೇರೆ ಮಾಡ್ಕೊಳ್ಳಿ.

ಒಂದು, ಮೈಗೂ ಪೆಟ್ಟಾಗಿ ಅದರ ಜೊತೆ ಮನಸ್ಸಿಗೂ ಆಗಿದೆ. ಇದೇ ಗಟ್ಟಿ ಕೇಸು. ಅರ್ಜೀಲಿ ಎರಡನ್ನೂ ಸೇರಿಸಿ, ದುಡಿಯೋ ಶಕ್ತಿ ಎಷ್ಟು ಹೋಯ್ತು ಅಂತ ಮಾನಸಿಕ ತಜ್ಞರ ಅಭಿಪ್ರಾಯಾನೂ ಹಾಕಿ. ಮನೋರೋಗದ ಅಂಗವಿಕಲತೆ ಅಳೆಯೋಕೆ ಐಡಿಯಾಸ್ ಅನ್ನೋ ಮಾಪನ ಇದೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅದೇ. ಆದ್ರೆ ಕಾರ್ಡಿನ ಶೇಕಡವೇ ದುಡಿಮೆ ನಷ್ಟದ ಶೇಕಡ ಅಲ್ಲ. ಕೊನೆಗೌಡ್ರಿಗೆ ಎತ್ತರದ ಭಯ ಬಂದ್ರೆ ಆ ಕಸುಬೇ ಹೋಯ್ತಲ್ಲ, ಅದನ್ನ ಹೇಳಿಸಿ.

ಎರಡು, ಮೈಗೆ ಏನೂ ಆಗಿಲ್ಲ, ಘಟನೆ ನೋಡಿ ಮನಸ್ಸಿಗಾಗಿದೆ. ಕಷ್ಟ ಇದೆ, ಆದ್ರೆ ತಾರೀಕು ಇರೋ ಒಂದು ಘಟನೆ ಇರೋದ್ರಿಂದ ವಾದ ಮಾಡೋಕೆ ಆಧಾರ ಸಿಗತ್ತೆ. ವಿಪರೀತ ಕೆಲಸದ ಒತ್ತಡಕ್ಕೆ ಡ್ರೈವರ್‌ಗಳಿಗೆ ಹೃದಯಾಘಾತ ಆದ ಕೇಸುಗಳಲ್ಲಿ ಸುಪ್ರೀಂ ಕೋರ್ಟ್ ಕೇಳಿರೋದೂ ಇದನ್ನೇ, ಕೆಲಸಕ್ಕೂ ಅದಕ್ಕೂ ಕೊಂಡಿ ತೋರಿಸಿ ಅಂತ. ಡ್ಯೂಟಿ ಎಷ್ಟು ಗಂಟೆ, ಎಷ್ಟು ರಾತ್ರಿ ಅನ್ನೋ ದಾಖಲೆ ಇಲ್ದೇ ಬರೀ "ತುಂಬಾ ಟೆನ್ಷನ್ ಇತ್ತು" ಅಂದ್ರೆ ನಿಲ್ಲಲ್ಲ.

ಮೂರು, ನಿಧಾನವಾಗಿ ದಿನಾ ಬೈಗುಳ, ಕಿರುಕುಳದಿಂದ ಆದದ್ದು. ಈ ಕಾಯ್ದೇಲಿ ಇದಕ್ಕೆ ದಾರಿ ಕಾಣೋದು ಬಹಳ ಕಮ್ಮಿ, ಸುಳ್ಳು ಆಸೆ ಹುಟ್ಟಿಸೋಕೆ ನಂಗೆ ಇಷ್ಟ ಇಲ್ಲ. ಒಂದು ಕಡೆ ಮಾತ್ರ ಸ್ಪಷ್ಟವಾಗಿದೆ, ಹೆಣ್ಣುಮಕ್ಕಳ ಮೇಲೆ ಕೆಲಸದ ಜಾಗದಲ್ಲಿ ಆಗೋ ಲೈಂಗಿಕ ಕಿರುಕುಳ. 2013ರ ಕಾಯ್ದೆಯ 15ನೇ ಕಲಂನಲ್ಲಿ ಪರಿಹಾರ ನಿಗದಿ ಮಾಡುವಾಗ ಮಾನಸಿಕ ಆಘಾತ, ಮಾನಸಿಕ ಚಿಕಿತ್ಸೆಯ ಖರ್ಚು ನೋಡ್ಬೇಕು ಅಂತ ಬರೆದೇ ಇದೆ. ಮೂರು ತಿಂಗಳೊಳಗೆ ದೂರು ಕೊಡ್ಬೇಕು, ಕಾರಣ ಇದ್ರೆ ಇನ್ನೂ ಮೂರು ತಿಂಗಳು ಸಿಗತ್ತೆ. ಹತ್ತಕ್ಕಿಂತ ಕಮ್ಮಿ ಜನ ಇರೋ ಕಡೆ ಅಥವಾ ಮಾಲೀಕನ ಮೇಲೇ ದೂರಾದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ. ವಿಚಾರಣೆ ನಡೆಯುವಾಗ ಮೂರು ತಿಂಗಳ ತನಕ ರಜೆ ಕೇಳ್ಬಹುದು, ಗಾರ್ಮೆಂಟ್ಸ್ ಹುಡುಗಿಯರಿಗೆ ಇದು ಯಾರೂ ಹೇಳಿರಲ್ಲ.

## ಹಂತ 7: ಎಷ್ಟು ಬರ್ಬೇಕು ಅಂತ ನೀವೇ ಲೆಕ್ಕ ಹಾಕಿ

ಸೂತ್ರ ಸರಳ. ಸಾವಾದ್ರೆ ತಿಂಗಳ ಕೂಲಿಯ 50%, ಪೂರ್ತಿ ಶಾಶ್ವತ ಅಂಗವಿಕಲತೆಗೆ 60%, ಅದನ್ನ ವಯಸ್ಸಿನ ಗುಣಕದಿಂದ ಗುಣಿಸಿ. ಲೆಕ್ಕಕ್ಕೆ ಹಿಡಿಯೋ ಕೂಲಿ 2020ರ ಜನವರಿ 3ರಿಂದ ತಿಂಗಳಿಗೆ ಗರಿಷ್ಠ 15,000, ಅದಕ್ಕೂ ಮುಂಚೆ 8,000 ಇತ್ತು. ಗುಣಕ 30 ವರ್ಷಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 50ಕ್ಕೆ 153.09.

35 ವರ್ಷದವ್ರು, ದಿನಕ್ಕೆ 600 ರೂಪಾಯಿ, ತಿಂಗಳಿಗೆ 26 ದಿನ ಅಂದ್ರೆ 15,600, ಆದ್ರೆ 15,000 ಅಂತ ಹಿಡೀಬೇಕು. ಹೆಬ್ಬೆರಳು ಹೋಗಿದೆ, ಪಟ್ಟೀಲಿ ಅದಕ್ಕೆ 30%. 15,000ದ 60% ಅಂದ್ರೆ 9,000, ಗುಣಿಸು 197.06, ಅಂದ್ರೆ 17,73,540. ಅದರ 30%, 5,32,062 ರೂಪಾಯಿ. ಈಗ "ಇಪ್ಪತ್ತು ಸಾವಿರ ತಗೊಂಡು ಬಿಡು" ಅಂದಿದ್ದನ್ನ ಇದರ ಪಕ್ಕ ಇಟ್ಟು ನೋಡಿ.

ಪಟ್ಟಿಯ ಶೇಕಡಕ್ಕೇ ನಿಲ್ಬೇಡಿ. ಎಡಗೈ ಮೊಣಕೈ ಮೇಲೆ ಹೋದ ಬಡಗಿಗೆ ಸುಪ್ರೀಂ ಕೋರ್ಟ್ 1975ರಲ್ಲೇ 100% ದುಡಿಮೆ ನಷ್ಟ ಅಂತ ಒಪ್ಪಿದೆ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ ಅನ್ನೋದೇ ಕಾರಣ. ತಾತ್ಕಾಲಿಕವಾಗಿ ಕೆಲಸ ನಿಂತಿದ್ರೆ ಪ್ರತಿ ಹದಿನೈದು ದಿನಕ್ಕೆ ತಿಂಗಳ ಕೂಲಿಯ 25%. ಚಿಕಿತ್ಸೆ ಬಿಲ್ ಬೇರೆ, ಅದನ್ನ ಪೂರ್ತಿ ಕೊಡ್ಬೇಕು, ಮಾನಸಿಕ ಚಿಕಿತ್ಸೆ ಬಿಲ್ಲನ್ನೂ ಅದ್ರಲ್ಲೇ ಕೇಳಿ. ಒಂದು ತಿಂಗಳಾದ್ರೂ ಕೊಡ್ಲಿಲ್ಲ ಅಂದ್ರೆ ವರ್ಷಕ್ಕೆ 12% ಬಡ್ಡಿ, ಸರಿಯಾದ ಕಾರಣ ಇಲ್ದೇ ತಡ ಮಾಡಿದ್ರೆ 50% ತನಕ ದಂಡ. ಅರ್ಜೀಲಿ ಬಡ್ಡಿ, ದಂಡ ಎರಡನ್ನೂ ಬಾಯಿಬಿಟ್ಟು ಕೇಳಿ, ಇದನ್ನ ಬರೆಯೋದೇ ಮರೀತಾರೆ.

## ಹಂತ 8: ಅರ್ಜಿ, ಮತ್ತೆ ಆಮೇಲೆ

ಅಪಘಾತ ಆಗಿ ಎರಡು ವರ್ಷದೊಳಗೆ ಅರ್ಜಿ ಹೋಗ್ಬೇಕು. "ಮುಂದಿನ ಕೊಯ್ಲಿಗೆ ಕೊಡ್ತೀನಿ" ಅಂತ ಎರಡು ಕೊಯ್ಲು ಕಳೆಸೋರಿದಾರೆ, ಅದೇ ದೊಡ್ಡ ಅಪಾಯದ ಸೂಚನೆ. ನಮ್ಮ ರಾಜ್ಯದಲ್ಲಿ 1923ರ ಕಾಯ್ದೆಯ ಕೇಸುಗಳನ್ನ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟ್ ನೋಡ್ತಿತ್ತು. ಸಂಹಿತೆ ಬಂದ್ಮೇಲಿನ ಅಪಘಾತಕ್ಕೆ ಯಾವ ಅಧಿಕಾರಿ ಮುಂದೆ ಅಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಸಹಾಯವಾಣಿ 15100. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವ್ರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ರೂ ಉಚಿತ ವಕೀಲರು ಸಿಗ್ತಾರೆ. ಅಪಘಾತ ಆದ ಜಾಗದಲ್ಲೇ ಹಾಕ್ಬೇಕು ಅಂತಿಲ್ಲ, ನೀವು ವಾಸ ಇರೋ ಊರಿನ ವ್ಯಾಪ್ತೀಲೂ ಹಾಕ್ಬಹುದು, ಹೊರಜಿಲ್ಲೆಯಿಂದ ಬಂದವ್ರಿಗೆ ಇದೊಂದು ದೊಡ್ಡ ಅನುಕೂಲ.

ಅರ್ಜಿ ಜೊತೆ ಹೋಗ್ಬೇಕಾದ್ದು ಎಂಎಲ್‌ಸಿ ಪ್ರತಿ, ಕೇಸ್ ಶೀಟ್, ಬಿಲ್ಲುಗಳು, ನೋಟಿಸ್ ಮತ್ತೆ ರಸೀದಿ, ವಯಸ್ಸಿನ ಮತ್ತೆ ಕೂಲಿಯ ದಾಖಲೆ, ಅಂಗವಿಕಲತೆ ಬಗ್ಗೆ ಡಾಕ್ಟರ ಪ್ರಮಾಣಪತ್ರ. ಆ ಡಾಕ್ಟರನ್ನ ಸಾಕ್ಷಿಗೆ ಕರೆಸ್ಬೇಕು, ಮೊದಲೇ ಅವ್ರ ಹತ್ರ ಮಾತಾಡಿಟ್ಕೊಳ್ಳಿ. ಮಾಲೀಕರ ಹತ್ರ ಪಾಲಿಸಿ ಇದ್ರೆ ಇನ್ಶೂರೆನ್ಸ್ ಕಂಪನಿಯನ್ನೂ ಎದುರುದಾರರಾಗಿ ಸೇರಿಸಿ. ಆದೇಶ ನಿಮ್ಮ ಕಡೆ ಆದ್ಮೇಲೆ ಮಾಲೀಕರು ಹೈಕೋರ್ಟಿಗೆ ಹೋಗ್ಬೇಕಂದ್ರೆ 60 ದಿನದೊಳಗೆ, ಅದೂ ಪರಿಹಾರದ ಹಣ ಮೊದಲು ಠೇವಣಿ ಇಟ್ಟು. ಅರವತ್ತು ದಿನ ಆದ ಮಾರನೇ ದಿನ ಠೇವಣಿ ಆಗಿದ್ಯಾ ಅಂತ ಆಫೀಸಲ್ಲಿ ವಿಚಾರಿಸಿ. ಆಗಿಲ್ಲ ಅಂದ್ರೆ ಭೂಕಂದಾಯದ ಬಾಕಿ ಥರ ವಸೂಲಿ ಮಾಡಿ ಅಂತ ಇನ್ನೊಂದು ಅರ್ಜಿ ಹಾಕ್ಬೇಕು, ಅದು ತಾನಾಗಿ ಆಗಲ್ಲ.